ವಾಸನೆ, ಗಟ್ಟಿ, ಪೀಸ್ ಕಮ್ಮಿ: ಬೋಟಿ ಹೋಟೆಲಿನ ದೂರುಗಳ ಹಿಂದೇನಿದೆ?

ಮಟನ್ ಚಾಪ್ಸ್ ಸುಮಾರಾಗಿದ್ದರೆ ಗಿರಾಕಿ ಒಂದಿಷ್ಟು ಗೊಣಗಿ, ದುಡ್ಡು ಕೊಟ್ಟು ಎದ್ದು ಹೋಗುತ್ತಾನೆ. ಮುಂದಿನ ಭಾನುವಾರ ಅದೇ ಹೋಟೆಲಿಗೆ ಬಂದರೂ ಬಂದಾನು. ಬೋಟಿ ಕೆಟ್ಟಿದ್ದರೆ ಮಾತ್ರ ಆ ಹೊಸಿಲು ಮತ್ತೆ ತುಳಿಯುವುದಿಲ್ಲ, ಸಾಲದ್ದಕ್ಕೆ ಕಂಡವರಿಗೆಲ್ಲ ಹೇಳುತ್ತಾನೆ. ಕುರಿಯ ತೊಡೆ, ಪಕ್ಕೆಲುಬಿಗೆ ಸಿಗುವ ಕ್ಷಮೆ ಅದರ ಕರುಳು, ಹೊಟ್ಟೆ, ಈಲಿ, ತಲೆ, ಕಾಲಿಗೆ ಸಿಗುವುದಿಲ್ಲ. ಒಳಾಂಗ ಬಡಿಸುವ ಹೋಟೆಲಿನ ಬಗ್ಗೆ ಜನ ಆಡುವ ಮಾತು ಯಾಕಿಷ್ಟು ಖಾರ, ಮತ್ತು ಆ ಮಾತುಗಳು ಅಡುಗೆಮನೆಯ ಯಾವ ಮೂಲೆಗೆ ಬೆರಳು ತೋರಿಸುತ್ತವೆ ಎಂಬುದನ್ನು ನೋಡುವುದಕ್ಕೆ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂಥ ಊರು ಒಳ್ಳೆಯ ಜಾಗ.

ಮುರುಗಮಲ್ಲದ ಹೆಸರು ದೂರದೂರಿಗೆ ಹಬ್ಬಿರುವುದು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ. ಮುಸ್ಲಿಮರಷ್ಟೇ ಸಲೀಸಾಗಿ ಹಿಂದೂಗಳೂ ಹರಕೆ ಹೊತ್ತು ಬರುವ ಊರು ಇದು. ಕರ್ನಾಟಕದವರ ಜೊತೆಗೆ ಗಡಿಯಾಚೆಯ ಆಂಧ್ರದವರೂ ಬರುತ್ತಾರೆ. ಹಾಗಾಗಿ ಈ ಸೀಮೆಯ ಊಟದ ಮೇಜಿನಲ್ಲಿ ಮೂರು ಭಾಷೆ ಒಟ್ಟಿಗೆ ಕೂರುತ್ತವೆ. ಒಬ್ಬರು ತಲೆಮಾಂಸ ಕೇಳಿದರೆ ಇನ್ನೊಬ್ಬರು ತಲಕಾಯ ಕೂರ ಎನ್ನುತ್ತಾರೆ. ಒಬ್ಬರ ಕಾಲು ಸೂಪು ಮತ್ತೊಬ್ಬರ ಬಾಯಲ್ಲಿ ಪಾಯಾ. ಬೋಟಿಗೆ ಮಾತ್ರ ಎಲ್ಲರೂ ಬೋಟಿ ಎಂದೇ ಹೇಳುತ್ತಾರೆ. ಜೊತೆಗೆ ರಾಗಿ ಮುದ್ದೆಯೋ ಪರೋಟವೋ ಅನ್ನವೋ, ಅದು ಅವರವರ ಇಷ್ಟ.

ಇಂಥ ಊರಿನ ಮೇಜಿಗೆ ಹಂದಿ ಬರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆದರೆ ಇಲ್ಲಿ ಕುರಿಯ ಒಳಾಂಗ ಮಾಡುವ ಕೆಲಸವನ್ನೇ ಸಿಂಗಾಪುರ, ಮಲೇಷ್ಯಾಗಳಲ್ಲಿ ಹಂದಿಯ ಒಳಾಂಗದ ಸೂಪು ಮಾಡುತ್ತದೆ. ದಕ್ಷಿಣ ಚೀನಾದಿಂದ ವಲಸೆ ಬಂದ ತಿಯೋಚ್ಯೂ ಜನರ ಊಟ ಅದು. ಹಂದಿಯ ಹೊಟ್ಟೆ, ಕರುಳು, ಈಲಿ ಹಾಕಿದ ತಿಳಿಸಾರು, ಅದಕ್ಕೆ ಬಿಳಿ ಮೆಣಸು, ಉಪ್ಪಿನಲ್ಲಿ ಹುಳಿಸಿದ ಸಾಸಿವೆ ಸೊಪ್ಪು, ಪಕ್ಕದಲ್ಲಿ ಅನ್ನ ಮತ್ತು ಮೆಣಸಿನಕಾಯಿ ಚಟ್ನಿ. ನಮ್ಮಲ್ಲೂ ಹಂದಿಯ ಒಳಾಂಗದ ಅಡುಗೆ ಇಲ್ಲದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಹಂದಿಯ ಗುಂಡಿಗೆ, ಈಲಿ, ಕರುಳು ಸೇರಿಸಿ ಮಾಡುವ ಕಾಲೀಜ್ ಆಂಕಿಟಿ ಇದೆ. ಒಳಾಂಗದ್ದಲ್ಲದಿದ್ದರೂ ಕೊಡಗಿನ ಪಂದಿ ಕರಿಯಂತೂ ಎಲ್ಲರಿಗೂ ಗೊತ್ತು. ಆದರೂ ಒಟ್ಟು ಲೆಕ್ಕದಲ್ಲಿ ಕರ್ನಾಟಕ ಕುರಿಯ ನಾಡು. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿದ್ದ ಹಂದಿಗಳು ಸುಮಾರು 90 ಲಕ್ಷ. ಕರ್ನಾಟಕವೊಂದರಲ್ಲೇ ಕುರಿಗಳು ಸುಮಾರು 1.1 ಕೋಟಿ. ತಿಳಿಸಾರು ಕುಡಿಯುವ ಸಿಂಗಾಪುರದವನೂ ಗೊಜ್ಜಿಗೆ ಮುದ್ದೆ ಅದ್ದುವ ಚಿಂತಾಮಣಿಯವನೂ ಒಳಾಂಗದ ಬಗ್ಗೆ ಹೇಳುವ ದೂರುಗಳು ಮಾತ್ರ ಹೆಚ್ಚುಕಡಿಮೆ ಒಂದೇ: ವಾಸನೆ, ಗಟ್ಟಿ, ಪೀಸ್ ಕಮ್ಮಿ.

ಮೊದಲನೆಯದು ವಾಸನೆ. ಕುರಿ ಮೇಯುವ ಪ್ರಾಣಿ, ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೊದಲ ಕೋಣೆಯಲ್ಲಿ ಮೇವು ಗಂಟೆಗಟ್ಟಲೆ ಕೊಳೆತು ಹುಳಿಯುತ್ತದೆ. ಆ ಕೋಣೆಯ ಒಳಗೋಡೆಗೆ ಕಪ್ಪು ಪೊರೆಯೊಂದು ಅಂಟಿಕೊಂಡಿರುತ್ತದೆ. ವಾಸನೆಯ ಬಹುಪಾಲು ಈ ಪೊರೆಯಲ್ಲೂ ಕರುಳಿಗೆ ಮೆತ್ತಿದ ಕೊಬ್ಬಿನಲ್ಲೂ ಇರುತ್ತದೆ. ಬಿಸಿನೀರಿನಲ್ಲಿ ಅದ್ದಿ ಪೊರೆ ಕೆರೆಯಬೇಕು. ನೀರು ತೀರಾ ಕುದಿಯುತ್ತಿದ್ದರೆ ಪೊರೆ ಮಾಂಸಕ್ಕೇ ಕಚ್ಚಿಕೊಳ್ಳುತ್ತದೆ, ತಣ್ಣಗಿದ್ದರೆ ಬಿಡುವುದೇ ಇಲ್ಲ. ಕೈ ಅದ್ದಲಾಗದಷ್ಟು ಬಿಸಿ, ಆದರೆ ಕುದಿಯದ ನೀರು ಬೇಕು. ಹಳ್ಳಿಗಳಲ್ಲಿ ಸುಣ್ಣ ಸವರಿ ಕೆರೆಯುವ ರೂಢಿಯೂ ಇದೆ. ಮೂರನೆಯ ಕೋಣೆ ಎಲೆ ಎಲೆಯಾಗಿ ಮಡಿಕೆ ಬಿದ್ದಿರುವುದರಿಂದ ಒಂದೊಂದು ಮಡಿಕೆಯನ್ನೂ ಬಿಡಿಸಿ ತೊಳೆಯಬೇಕು. ಸಣ್ಣ ಕರುಳಿಗೆ ನೀರು ಹಾಯಿಸಿ, ಕಡ್ಡಿ ತೂರಿಸಿ ಒಳಮೈ ಹೊರಗೆ ತಿರುಗಿಸಬೇಕು. ಉಪ್ಪು, ಅರಿಶಿನ ಹಾಕಿ ಉಜ್ಜಿ ಮತ್ತೆ ತೊಳೆಯಬೇಕು. ಇಷ್ಟೆಲ್ಲ ಆಗುವುದು ಹೋಟೆಲು ಬಾಗಿಲು ತೆಗೆಯುವ ಮೊದಲು, ಹಿತ್ತಲಿನ ನಲ್ಲಿಯ ಬಳಿ. ಬಹಳ ಕಡೆ ಈ ಕೆಲಸ ಹೆಂಗಸರ ಪಾಲಿನದು. ಬೋಟಿ ವಾಸನೆ ಹೊಡೆಯಿತು ಎಂದರೆ ತೊಳೆಯುವ ಕಡೆ ಯಾರೋ ಒಂದು ಹಂತ ಹಾರಿಸಿದ್ದಾರೆ, ಇಲ್ಲವೇ ಆ ಕೆಲಸಕ್ಕೆ ಸಾಕಷ್ಟು ಕೈಗಳಿರಲಿಲ್ಲ, ಸಾಕಷ್ಟು ನೀರಿರಲಿಲ್ಲ. ನೀರಿಗೆ ಬೋರ್‌ವೆಲ್ಲನ್ನೇ ನೆಚ್ಚಿರುವ ಈ ಬರದ ಜಿಲ್ಲೆಯಲ್ಲಿ ಕೊನೆಯ ಕಾರಣವೂ ಸಣ್ಣದಲ್ಲ.

ಮಸಾಲೆ ಹೆಚ್ಚಿಸಿ ಈ ತಪ್ಪನ್ನು ಮುಚ್ಚಲು ಹೋಗುವವರಿದ್ದಾರೆ. ಶುಂಠಿ, ಬೆಳ್ಳುಳ್ಳಿ, ಚಕ್ಕೆ ಲವಂಗಗಳು ಮೂಗಿನ ಗಮನ ಬೇರೆಡೆಗೆ ಸೆಳೆಯುತ್ತವೆ, ಸಬ್ಬಸಿಗೆ, ಮೆಂತ್ಯ ಸೊಪ್ಪುಗಳು ಇನ್ನೂ ಚೆನ್ನಾಗಿ ಸೆಳೆಯುತ್ತವೆ. ಆದರೆ ತೊಳೆಯದ ಬೋಟಿಯ ವಾಸನೆ ಮೊದಲ ತುತ್ತಿಗೆ ಗೊತ್ತಾಗದಿದ್ದರೂ ತಟ್ಟೆ ಆರುತ್ತಾ ಬಂದಂತೆ, ಕೊಬ್ಬು ಗಟ್ಟಿಯಾಗುವ ಹೊತ್ತಿಗೆ ತಾನಾಗಿ ಮೇಲೆದ್ದು ಬರುತ್ತದೆ. ಅನುಭವಸ್ಥ ಗಿರಾಕಿಗಳು ಬೋಟಿಯ ಬಗ್ಗೆ ತೀರ್ಪು ಕೊಡುವುದು ಕೊನೆಯ ತುತ್ತಿನ ನಂತರವೇ.

ಇಲ್ಲಿ ಇನ್ನೊಂದು ಪಂಗಡದ ವಾದವನ್ನೂ ಕೇಳಬೇಕು. ಬೋಟಿಗೆ ಬೋಟಿಯ ವಾಸನೆ ಇರದಿದ್ದರೆ ಅದನ್ನು ಯಾಕೆ ತಿನ್ನಬೇಕು ಎಂಬುದು ಇವರ ಪ್ರಶ್ನೆ. ವಿದೇಶದ ಕಾರ್ಖಾನೆಗಳಲ್ಲಿ ಜಾನುವಾರಿನ ಹೊಟ್ಟೆಯನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬೆಳ್ಳಗೆ ಮಾಡಿ ಮಾರುವುದುಂಟು. ಅದಕ್ಕೆ ವಾಸನೆಯೂ ಇರುವುದಿಲ್ಲ, ರುಚಿಯೂ ಉಳಿದಿರುವುದಿಲ್ಲ. ನಮ್ಮಲ್ಲಿ ಸುಣ್ಣ ಹೆಚ್ಚಾದರೂ ಸೋಪಿನಂಥ ಜಾರು ಬಂದು ಬಾಯಿ ಕೆಡುತ್ತದೆ. ಒಂದೇ ಹೋಟೆಲಿನ ಒಂದೇ ಬೋಟಿಗೆ ಒಬ್ಬ ಸೊಗಸು ಎಂದರೆ ಇನ್ನೊಬ್ಬ ಮೂಗು ಮುಚ್ಚಿಕೊಳ್ಳುವುದು ಇದರಿಂದಲೇ. ಕೊಳೆಯ ವಾಸನೆ ಯಾರಿಗೂ ಬೇಡ. ಪ್ರಾಣಿಯ ವಾಸನೆ ಎಷ್ಟಿರಬೇಕು ಎಂಬಲ್ಲಿ ಮಾತ್ರ ಜಗಳ. ಮನೆಯಲ್ಲಿ ಚಿಕ್ಕಂದಿನಿಂದ ಬೋಟಿ ತಿಂದವರಿಗೂ ಮೊದಲ ಸಲ ಹೋಟೆಲಿನಲ್ಲಿ ರುಚಿ ನೋಡುವವರಿಗೂ ಆ ಅಳತೆ ಒಂದೇ ಇರಲು ಸಾಧ್ಯವಿಲ್ಲ.

ಎರಡನೆಯ ದೂರು ಗಟ್ಟಿ. ರಬ್ಬರ್ ಆಗಿದೆ, ಅಗಿದೂ ಅಗಿದೂ ದವಡೆ ನೋಯಿತು ಎನ್ನುತ್ತಾರೆ. ಒಳಾಂಗದ ಅಡುಗೆಯ ಕಷ್ಟವೆಂದರೆ ಒಂದೊಂದು ಅಂಗಕ್ಕೂ ಒಂದೊಂದು ಹೊತ್ತು ಬೇಕು. ಹೊಟ್ಟೆ, ಕರುಳು, ಕಾಲುಗಳಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ದಂಡಿಯಾಗಿದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದಾಗ ಅದು ಕರಗಿ ಜೆಲಟಿನ್ ಆಗುತ್ತದೆ. ಈಲಿಯದ್ದು ಪೂರಾ ಉಲ್ಟಾ. ಅದರಲ್ಲಿ ಕೊಲಾಜೆನ್ ಕಡಿಮೆ, ನಾಲ್ಕೈದು ನಿಮಿಷ ಹೆಚ್ಚು ಬೆಂದರೂ ನೀರು ಬಿಟ್ಟು ಹಿಟ್ಟು ಹಿಟ್ಟಾಗುತ್ತದೆ. ಎಲ್ಲವನ್ನೂ ಒಂದೇ ಕುಕ್ಕರಿಗೆ ತುಂಬಿ ಸೀಟಿ ಹೊಡೆಸಿದರೆ ಕರುಳು ಅರೆಬೆಂದಿರುತ್ತದೆ, ಈಲಿ ಪುಡಿಯಾಗಿರುತ್ತದೆ. ಸಿಂಗಾಪುರದ ಸೂಪಿನಂಗಡಿಯವರು ಹೊಟ್ಟೆ, ಕರುಳನ್ನು ಮೊದಲೇ ಬೇಯಿಸಿಟ್ಟುಕೊಂಡು, ಗಿರಾಕಿ ಬಂದ ಮೇಲೆ ತೆಳ್ಳಗೆ ಹೆಚ್ಚಿದ ಈಲಿಯನ್ನು ಕುದಿಯುವ ಸಾರಿಗೆ ಹಾಕಿ ತೆಗೆಯುತ್ತಾರೆ. ನಮ್ಮ ಒಳ್ಳೆಯ ಭಟ್ಟರೂ ಬೋಟಿಯನ್ನು ಮೊದಲು ಬೇಯಿಸಿ, ಈಲಿಯನ್ನು ಕಡೆಗೆ ತವೆಯ ಮೇಲೆ ಬೇರೆಯಾಗಿ ಹುರಿಯುತ್ತಾರೆ. ಈಲಿ ಕಹಿಯಾಗಿದೆ ಎಂಬ ದೂರು ಬಂದರೆ ಅದು ಅಡುಗೆಯವರ ತಪ್ಪಲ್ಲ. ಕಡಿಯುವಾಗ ಪಿತ್ತದ ಚೀಲ ಒಡೆದು ಈಲಿಗೆ ತಾಗಿರುತ್ತದೆ, ಆಮೇಲೆ ಯಾವ ಮಸಾಲೆಗೂ ಅದು ಬಗ್ಗುವುದಿಲ್ಲ.

ಕಾಲು ಸೂಪಿನ ಕಥೆ ಬೇರೆ. ತಲೆ, ಕಾಲುಗಳನ್ನು ಮೊದಲು ಬೆಂಕಿಯಲ್ಲಿ ಸುಡಬೇಕು. ತಿದಿ ಒತ್ತಿ ಕೆಂಡ ಕೆಂಪು ಮಾಡಿಕೊಂಡು ತಲೆಕಾಲು ಸುಟ್ಟುಕೊಡುವವರು ಮಾಂಸದ ಅಂಗಡಿಗಳ ಪಕ್ಕದಲ್ಲಿ ಈಗಲೂ ಕೂರುತ್ತಾರೆ, ಕೆಲವರು ಗ್ಯಾಸ್ ಬರ್ನರಿಗೆ ಬದಲಾಗಿದ್ದಾರೆ. ಕೂದಲು ಸುಟ್ಟು, ಚಾಕುವಿನಿಂದ ಕೆರೆದು, ಅರಿಶಿನ ಸವರಿ ತೊಳೆದ ಕಾಲಿಗೆ ಒಂದು ಹೊಗೆಯ ಪರಿಮಳ ಬರುತ್ತದೆ. ಬಿಸಿನೀರಲ್ಲಿ ಕೂದಲು ಕಿತ್ತ ಕಾಲಿಗೆ ಅದು ಬರುವುದಿಲ್ಲ. ಸೂಪು ಚೆನ್ನಾಗಿದೆಯೋ ಇಲ್ಲವೋ ನೋಡಲು ಗಿರಾಕಿಗಳು ಹೇಳುವ ಪರೀಕ್ಷೆ ಒಂದೇ: ಕುಡಿದ ಮೇಲೆ ತುಟಿ ಅಂಟಬೇಕು. ಅಂಟಿಸುವುದು ಕರಗಿದ ಜೆಲಟಿನ್. ರಾತ್ರಿಯೆಲ್ಲ ಒಲೆಯ ಮೇಲಿದ್ದ ಸೂಪಿಗೆ ಅಂಟು ಬಂದೇ ಬರುತ್ತದೆ. ಕುಕ್ಕರಿನಲ್ಲಿ ಆತುರಾತುರವಾಗಿ ಬೇಯಿಸಿ ಮೆಣಸಿನ ಪುಡಿ, ಕಾರ್ನ್‌ಫ್ಲೋರ್ ಬೆರೆಸಿದರೆ ಸೂಪು ಮಂದವಾಗುತ್ತದೆಯೇ ಹೊರತು ತುಟಿಗೆ ಅಂಟುವುದಿಲ್ಲ. ಈ ವ್ಯತ್ಯಾಸ ಬಲ್ಲವನನ್ನು ಯಾವ ಹೋಟೆಲಿನವನೂ ಏಮಾರಿಸಲಾರ.

ಮೂರನೆಯ ದೂರು ಎಲ್ಲರ ಬಾಯಲ್ಲೂ ಇರುವಂಥದ್ದು. ಗ್ರೇವಿ ಜಾಸ್ತಿ, ಪೀಸ್ ಕಮ್ಮಿ, ರೇಟು ಮಾತ್ರ ಆಕಾಶಕ್ಕೆ. ಹಿಂದೆ ಮಾಂಸ ಕೊಂಡರೆ ಬೋಟಿ ಬಿಟ್ಟಿಗೆ ಸಿಗುತ್ತಿತ್ತು ಎಂದು ಹಿರಿಯರು ಸೇರಿಸುತ್ತಾರೆ. ಇದಕ್ಕೆ ಉತ್ತರ ಕುರಿಯ ಮೈಯಲ್ಲೇ ಇದೆ. ಜೀವಂತ ತೂಕದ ಅರ್ಧಕ್ಕಿಂತ ತುಸು ಕಡಿಮೆ ಭಾಗ ಮಾತ್ರ ಮಾಂಸ ಮತ್ತು ಮೂಳೆಯಾಗಿ ಕೈಗೆ ಬರುತ್ತದೆ. ಉಳಿದದ್ದು ಚರ್ಮ, ರಕ್ತ, ತಲೆ, ಕಾಲು, ಒಳಾಂಗ. ಒಂದು ಕುರಿಯ ಮಾಂಸದಿಂದ ಎಷ್ಟೋ ಪ್ಲೇಟ್ ಚಾಪ್ಸ್ ಮಾಡಬಹುದು. ಆದರೆ ಬೋಟಿ ಒಂದೇ, ತಲೆ ಒಂದೇ, ಕಾಲು ನಾಲ್ಕೇ. ಬಟ್ಟಲಿಗೆ ಎರಡು ಕಾಲಿನಂತೆ ಐವತ್ತು ಜನಕ್ಕೆ ಸೂಪು ಕೊಡಬೇಕೆಂದರೆ 25 ಕುರಿ ಬಿದ್ದಿರಬೇಕು. ಅಷ್ಟು ಕುರಿ ಕಡಿಯುವ ಒಂದೇ ಅಂಗಡಿ ಸಣ್ಣ ಊರಲ್ಲಿ ಎಲ್ಲಿ ಸಿಗಬೇಕು? ಹೋಟೆಲಿನವರು ನಾಲ್ಕಾರು ಅಂಗಡಿ ಸುತ್ತಿ ಒಟ್ಟುಮಾಡುತ್ತಾರೆ. ಆಗ ಎಳೆ ಮರಿಯ ಬೋಟಿಯೂ ಬಲಿತ ಟಗರಿನದ್ದೂ ಒಂದೇ ಪಾತ್ರೆಗೆ ಬೀಳುತ್ತವೆ. ಒಂದೇ ತಟ್ಟೆಯಲ್ಲಿ ಒಂದು ಚೂರು ಬೆಣ್ಣೆ, ಇನ್ನೊಂದು ಚಪ್ಪಲಿ ಅನ್ನಿಸುವುದು ಈ ಕಾರಣಕ್ಕೆ. ಮೇಲಾಗಿ ಬೋಟಿ ಕೆರೆಯುವಾಗ ತೂಕ ಕಳೆಯುತ್ತದೆ, ಬೆಂದಾಗ ನೀರು ಬಿಟ್ಟು ಇನ್ನೂ ಕುಗ್ಗುತ್ತದೆ. ತಟ್ಟೆಗೆ ಕಡಲೆಕಾಳೋ ಅವರೆಕಾಳೋ ಬಂದು ಸೇರುವುದರಲ್ಲಿ ರುಚಿಯ ಜೊತೆ ಈ ಲೆಕ್ಕವೂ ಇದೆ.

ಹಳ್ಳಿಯ ಗುಡ್ಡೆ ಬಾಡಿನಲ್ಲಿ ಈ ಸಮಸ್ಯೆ ಇರಲಿಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ ಹತ್ತಾರು ಮನೆಯವರು ಹಣ ಹಾಕಿ ಮರಿ ಕಡಿದು ಗುಡ್ಡೆ ಹಾಕುವಾಗ ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಈಲಿ, ಒಂದಿಷ್ಟು ಬೋಟಿ ಬೀಳುವಂತೆ ನೋಡಿಕೊಳ್ಳುತ್ತಾರೆ. ತಲೆಕಾಲನ್ನು ಹಲವು ಕಡೆ ಬೇರೆ ಹರಾಜು ಹಾಕುತ್ತಾರೆ. ಗುಡ್ಡೆಯಲ್ಲಿ ಎಲ್ಲರ ಪಾಲೂ ಸಮ, ಯಾರೂ ಬರೀ ಬೋಟಿ ಬೇಕೆನ್ನುವಂತಿಲ್ಲ, ಬೋಟಿ ಬೇಡವೆನ್ನುವಂತೆಯೂ ಇಲ್ಲ. ಹೋಟೆಲು ಈ ಗುಡ್ಡೆಯನ್ನು ಒಡೆದು ಒಂದೊಂದು ಅಂಗಕ್ಕೂ ಒಂದೊಂದು ಬೆಲೆ ಬರೆಯಿತು. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ, ಈಚೆಗೆ ಹೆದ್ದಾರಿಯ ನಾಟಿ ಸ್ಟೈಲ್ ಹೋಟೆಲುಗಳಲ್ಲಿ, ಬೋಟಿ ಗೊಜ್ಜಿಗೆ ಬೇಡಿಕೆ ಏರಿತು. ಕುರಿಗೆ ಎರಡನೆಯ ಹೊಟ್ಟೆ ಬೆಳೆಯಲಿಲ್ಲ. ಬೆಲೆ ಏರದೆ ಇನ್ನೇನಾದೀತು?

ಗಿರಾಕಿ ಬಾಯಿಬಿಟ್ಟು ಹೇಳದ ನಾಲ್ಕನೆಯ ದೂರೊಂದಿದೆ, ಅದು ಭಯ. ಇವರು ಸರಿಯಾಗಿ ತೊಳೆದಿದ್ದಾರೋ ಇಲ್ಲವೋ, ಇದು ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ. ಇದರಲ್ಲಿ ಹುರುಳಿದೆ. ಒಳಾಂಗಗಳಲ್ಲಿ ತೇವ, ರಕ್ತ, ಕಿಣ್ವಗಳು ಹೆಚ್ಚು. ಅದಕ್ಕೇ ಅವು ಮಾಂಸಕ್ಕಿಂತ ಬೇಗ ಕೆಡುತ್ತವೆ. ಬೇಯಿಸಿದ ಮೇಲೂ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ದೊಡ್ಡ ಪಾತ್ರೆಯ ಸೂಪು ನಿಧಾನವಾಗಿ ಆರುವುದರಿಂದ ಈ ಅಪಾಯ ಇನ್ನೂ ಹೆಚ್ಚು. ನಿನ್ನೆಯ ಸಾರೇ ರುಚಿ ಎಂಬ ಮಾತು ನಿಜವಿರಬಹುದು. ಆದರೆ ಆ ಸಾರನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದು, ಬೆಳಿಗ್ಗೆ ಕೊತಕೊತ ಕುದಿಸಿದ್ದರೆ ಮಾತ್ರ ಅದು ಸುರಕ್ಷಿತ.

ಈಲಿ, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅದು ಎಕಿನೋಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಮನೆಯಾಗಿರಬಹುದು. ಜನ ಹೆದರುವುದು ತಿನ್ನುವುದಕ್ಕೆ, ಆದರೆ ರೋಗ ಮನುಷ್ಯನಿಗೆ ಬರುವುದು ಬೇರೆ ದಾರಿಯಿಂದ. ಆ ಗುಳ್ಳೆಯಿರುವ ಈಲಿಯನ್ನು ಅಂಗಡಿಯ ಪಕ್ಕದ ನಾಯಿಗೆ ಎಸೆದರೆ ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಹೇಲಿನ ಮೂಲಕ ಮಣ್ಣು, ನೀರು, ಸೊಪ್ಪಿಗೆ ಸೇರಿ ಮನುಷ್ಯನ ಹೊಟ್ಟೆಗೂ ಕುರಿಯ ಹೊಟ್ಟೆಗೂ ಬರುತ್ತವೆ. ಹಾಗಾಗಿ ಹೋಟೆಲಿನ ಬೋಟಿ ಬಗ್ಗೆ ಅನುಮಾನ ಪಡುವವರು ಮಾಂಸದಂಗಡಿಯ ಹಿಂದೆ ಕಾಯುತ್ತಿರುವ ನಾಯಿಗಳತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು.

ಈ ಅನುಮಾನವನ್ನು ಗಿರಾಕಿಯ ತಲೆಗೇ ಬಿಡದಿರಲು ಸಿಂಗಾಪುರ 1997ರಲ್ಲಿ ಆಹಾರ ಮಳಿಗೆಗಳಿಗೆ ಎ, ಬಿ, ಸಿ, ಡಿ ಎಂದು ಸ್ವಚ್ಛತೆಯ ದರ್ಜೆ ಕೊಟ್ಟು ಅದನ್ನು ಮಳಿಗೆಯ ಮುಂದೆ ತೂಗುಹಾಕಿಸಲು ಶುರುಮಾಡಿತು. ಅಲ್ಲಿನ ಈ ಬೀದಿ ಊಟದ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮಲ್ಲೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಿದೆ. ತಳ್ಳುಗಾಡಿಯವರೂ ನೋಂದಣಿ ಮಾಡಿಸಬೇಕು, 14 ಅಂಕಿಯ ಸಂಖ್ಯೆ ಪಡೆಯಬೇಕು. ನಗುಮುಖದ ಗುರುತುಗಳಿಂದ ಅಂಕ ಕೊಡುವ ಸ್ವಚ್ಛತಾ ಶ್ರೇಯಾಂಕವೂ ಇದೆ. ಆದರೆ ಸಣ್ಣ ಊರಿನ ಬೋಟಿ ಹೋಟೆಲಿನಲ್ಲಿ ಆ ನಗುಮುಖ ಹುಡುಕುವವರು ಅಪರೂಪ. ಅಲ್ಲಿ ಗಿರಾಕಿಗಳೇ ಇನ್‌ಸ್ಪೆಕ್ಟರುಗಳು. ಯಾವ ಹೋಟೆಲಿನ ಬೋಟಿ ಬೆಳಿಗ್ಗೆ ಹನ್ನೊಂದಕ್ಕೇ ಮುಗಿಯುತ್ತದೋ ಅಲ್ಲಿಗೆ ಹೋಗು ಎಂಬ ಹಳೆಯ ಸಲಹೆ ವಿಜ್ಞಾನಕ್ಕೂ ಒಪ್ಪುವಂಥದ್ದೇ. ಬೇಗ ಖಾಲಿಯಾದ ಪಾತ್ರೆಯಲ್ಲಿ ನಾಳೆಗೆ ಉಳಿಯುವುದು ಏನೂ ಇರುವುದಿಲ್ಲ.

ಹೊಗಳಿಕೆಗಳಲ್ಲೂ ಪರೀಕ್ಷಿಸಬೇಕಾದ ಕೆಲವಿವೆ. ಕಾಲು ಸೂಪು ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತದೆ ಎಂದು ನಂಬುವವರು ಬಹಳ. ಮೂಳೆ ಎಷ್ಟು ಬೆಂದರೂ ಸೂಪಿಗೆ ಇಳಿಯುವ ಕ್ಯಾಲ್ಸಿಯಂ ಅಲ್ಪ. ಕುಡಿದ ಜೆಲಟಿನ್ ಹೊಟ್ಟೆಯಲ್ಲಿ ಬೇರೆಲ್ಲ ಪ್ರೋಟೀನಿನಂತೆ ಜೀರ್ಣವಾಗುತ್ತದೆ, ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಬಿಸಿಯಾಗಿ, ಉಪ್ಪು ಖಾರವಾಗಿ ಹೊಟ್ಟೆಗಿಳಿಯುವುದರಿಂದ ಬಳಲಿದವರಿಗೆ ಹಿತವೆನಿಸುವುದು ನಿಜ. ಈಲಿ ತಿಂದರೆ ರಕ್ತ ಬರುತ್ತದೆ ಎಂಬ ಮಾತಿಗೆ ಮಾತ್ರ ಆಧಾರವಿದೆ. 100 ಗ್ರಾಂ ಕುರಿಯ ಈಲಿಯಲ್ಲಿ ಸುಮಾರು 7 ಮಿಲಿಗ್ರಾಂ ಕಬ್ಬಿಣ, ದಿನದ ಅಗತ್ಯದ ಹತ್ತಾರು ಪಟ್ಟು ಬಿ12 ಜೀವಸತ್ವ ಇರುತ್ತದೆ. ಎ ಜೀವಸತ್ವವೂ ವಿಪರೀತ ಇರುವುದರಿಂದ ಗರ್ಭಿಣಿಯರು ಪದೇ ಪದೇ ತಿನ್ನಬಾರದು. ಯೂರಿಕ್ ಆಮ್ಲ ಹೆಚ್ಚಿದ್ದು ಕಾಲಿನ ಹೆಬ್ಬೆರಳು ಬಾತುಕೊಳ್ಳುವವರು ಒಳಾಂಗಗಳಿಂದಲೇ ದೂರವಿರುವುದು ಲೇಸು. ಮಿದುಳಿನ ಫ್ರೈ ಮೆಚ್ಚುವವರು ಅದರ 100 ಗ್ರಾಂನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ಕೊಲೆಸ್ಟರಾಲ್ ಇದೆ ಎಂಬುದನ್ನು ನೆನಪಿಟ್ಟುಕೊಂಡು ತಿನ್ನಲಿ.

ರುಚಿಯ ಮಾತಿನೊಳಗೆ ಜಾತಿ, ಅಂತಸ್ತಿನ ಮಾತೂ ಅಡಗಿರುತ್ತದೆ. ಬೋಟಿ, ರಕ್ತ, ತಲೆಕಾಲು ಬಹುಕಾಲ ಬಡವರ, ದಲಿತರ ಪಾಲಿನ ಊಟ ಎನಿಸಿಕೊಂಡಿತ್ತು. ಮಾಂಸ ತಿನ್ನುವ ಮನೆಗಳಲ್ಲೇ ಎಷ್ಟೋ ಕಡೆ ಅದನ್ನು ಒಳಗೆ ತರುತ್ತಿರಲಿಲ್ಲ. ಮರಾಠವಾಡದ ದಲಿತರ ಅಡುಗೆಯ ಬಗ್ಗೆ ಶಾಹೂ ಪಾಟೋಳೆ ಮರಾಠಿಯಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಇಂಥ ಅಡುಗೆಗೆ ಕೇರಿಗಳ ನೆನಪೇ ಪುಸ್ತಕ. ಹಂದಿ ತಿನ್ನುವವರ ಬಗ್ಗೆ ಈಗಲೂ ಮೂಗೆಳೆಯುವವರಿದ್ದಾರೆ. ರೋಮ್ ನಗರದ ಕಸಾಯಿಖಾನೆಯ ಕೆಲಸಗಾರರು ಕೂಲಿಯ ಭಾಗವಾಗಿ ಒಳಾಂಗ ಪಡೆದು ಬೆಳೆಸಿದ ಅಡುಗೆಗೆ ಇವತ್ತು ಆ ನಗರದ ದುಬಾರಿ ಹೋಟೆಲುಗಳಲ್ಲಿ ಮರ್ಯಾದೆ ಸಿಕ್ಕಿದೆ. ನಾಟಿ ಸ್ಟೈಲ್ ಎಂಬ ಬೋರ್ಡಿನಡಿ ನಮ್ಮಲ್ಲೂ ಅದೇ ನಡೆಯುತ್ತಿದೆ. ಬೋಟಿಗೆ ಮರ್ಯಾದೆ ಬಂತು. ಅದನ್ನು ತೊಳೆಯುವ ಕೈಗೆ ಇನ್ನೂ ಬಂದಿಲ್ಲ.

ಮುರುಗಮಲ್ಲದ ಹೋಟೆಲು ಸಾಲಿನಲ್ಲಾಗಲಿ, ಚಿಂತಾಮಣಿಯ ಬಸ್‌ಸ್ಟ್ಯಾಂಡ್ ಬಳಿಯಾಗಲಿ ಬೋಟಿ ತಿಂದು ಅಭಿಪ್ರಾಯ ಹೇಳುವವರು ಒಂದು ಕೆಲಸ ಮಾಡಬಹುದು. ಚೆನ್ನಾಗಿಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಸಿ ಮುಂದಿನ ಹೋಟೆಲಿಗೆ ಹೋಗುವ ಬದಲು, ಅಣ್ಣಾ ಪೊರೆ ಉಳಿದಿದೆ, ಭಾಯ್ ಈಲಿ ಹೆಚ್ಚು ಬೆಂದಿದೆ, ಕಾಲು ಸರಿಯಾಗಿ ಸುಟ್ಟಿಲ್ಲ ಎಂದು ಗಲ್ಲಾದ ಬಳಿ ಹೇಳಿ ಹೋದರೆ ಆ ಮಾತು ಹಿತ್ತಲಿನ ನಲ್ಲಿಯವರೆಗೆ ತಲುಪುತ್ತದೆ, ಸರಿಪಡಿಸಲು ಬರುತ್ತದೆ. ಚೆನ್ನಾಗಿದ್ದಾಗ ಬೆಲೆಯ ಬಗ್ಗೆ ಚೌಕಾಸಿಯನ್ನೂ ಕಡಿಮೆ ಮಾಡಬಹುದು. ಚಾಪ್ಸಿಗೆ ಕೊಡುವ ದುಡ್ಡಿನ ಬಹುಪಾಲು ಕುರಿಗೆ ಹೋಗುತ್ತದೆ. ಬೋಟಿಗೆ ಕೊಡುವ ದುಡ್ಡು ಹೆಚ್ಚಾಗಿ ಕೂಲಿಗೆ ಹೋಗಬೇಕು. ಆ ಕೂಲಿ ಕಡಿತವಾದ ದಿನವೇ ತಟ್ಟೆಯಲ್ಲಿ ವಾಸನೆ ಶುರುವಾಗುತ್ತದೆ.